ಮೊದಲು ಕೇಳಿಸ್ಕೊಳ್ಳಿ, ಆಮೇಲೆ ಸೈನ್ ಹಾಕಿ

ಜೆರಾಕ್ಸ್ ಅಂಗಡಿಯವನಿಗೆ ಗಿರಾಕಿ ತಂದ ಕಾಗದ ಓದುವ ಚಟ ಇರಬಾರದು. ಬಸವೇಶ್ವರನಗರದಲ್ಲಿ ಅಂಗಡಿ ತೆರೆದಾಗಿನಿಂದ ಈ ನಿಯಮ ಪಾಲಿಸಿಕೊಂಡು ಬಂದಿದ್ದೇನೆ. ಆಸ್ತಿ ಪತ್ರವೋ, ಡೈವೋರ್ಸ್ ಪೇಪರೋ, ಜಾತಕವೋ, ರಕ್ತ ಪರೀಕ್ಷೆಯ ರಿಪೋರ್ಟೋ, ಏನಾದರೂ ಬರಲಿ, ಗಾಜಿನ ಮೇಲೆ ಬೋರಲು ಹಾಕು, ಬಟನ್ ಒತ್ತು, ಕೈಗೆ ಕೊಡು, ಮುಗೀತು. ಊರಿನ ಉಸಾಬರಿ ನಮಗ್ಯಾಕೆ ಸ್ವಾಮಿ? ಈ ನಿಯಮ ಮುರಿಸಿದವರು ಒಬ್ಬರೇ ಒಬ್ಬರು. ಹೋದ ತಿಂಗಳು ಅವರು ತೀರಿಕೊಂಡರು. ಅವತ್ತಿನಿಂದ ಮನಸ್ಸು ಸರಿಯಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವರ ತಮ್ಮನ ಮಗಳು ಬೇಡ ಅಂದಿದ್ದಾಳೆ, ಅವಳ ಕಾರಣ ಅವಳಿಗೆ. ನಮ್ಮ ರಸ್ತೆಯವರೆಲ್ಲ ಅವರನ್ನು ಎಕ್ಸ್‌ಚೇಂಜ್ ಅಮ್ಮ ಅಂತ ಕರೆಯುತ್ತಿದ್ದೆವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಟ್ರಂಕ್ ಕಾಲ್ ಅನ್ನೋದೇ ಇಲ್ಲವಾದ ಮೇಲೆ ಬೇರೆ ಬೇರೆ ಟೇಬಲ್ಲಿನಲ್ಲಿ ಕೂತು ರಿಟೈರ್ ಆದವರು. ಮದುವೆ ಮಾಡಿಕೊಂಡಿರಲಿಲ್ಲ. ಆಳು ಗಿಡ್ಡ, ಹತ್ತಿ ಸೀರೆ, ಕೈಯಲ್ಲಿ ಯಾವಾಗಲೂ ಮಡಚುವ ಛತ್ರಿ. ದನಿ ಮಾತ್ರ ಮುಂದಿನ ಕ್ರಾಸಿನವರೆಗೆ ಕೇಳಿಸೋದು. ಕಿರುಚುತ್ತಿದ್ದರು ಅಂತಲ್ಲ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳೋರು.

ಅವರು ಯಾರಿಗೆ ಏನು ಹೇಳಿದರೂ ಕೇಳಿದವರು ಅದನ್ನು ತಿರುಗಿ ಹೇಳಬೇಕು. ಅದು ಅವರ ಕೆಲಸದ ಅಭ್ಯಾಸ. ತರಕಾರಿ ಗಾಡಿಯವನು ಬಂದರೆ ಗೇಟಿನಲ್ಲಿ ನಿಂತು, "ಹುರುಳೀಕಾಯಿ ಅರ್ಧ ಕೇಜಿ, ಎಳೇದು. ಏನ್ ಕೇಳ್ದೆ ಹೇಳು ನೋಡೋಣ?" ಅನ್ನೋರು. ಪಾಪ, ಅವನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸೋನು. "ಈ ಮನೆ ಬೀನ್ಸಿಗೆ ಪರೀಕ್ಷೆ ಪಾಸಾಗ್ಬೇಕು ಸಾರ್" ಅಂತ ನನ್ನ ಹತ್ತಿರ ಬಂದು ಗೊಣಗೋನು. ನಾನೂ ನಗುತ್ತಿದ್ದೆ. ಹೇಳೋದಕ್ಕಿಂತ ಕೇಳಿಸಿಕೊಳ್ಳೋದೇ ದೊಡ್ಡ ಕೆಲಸ ಅಂತ ಅವರು ಆಗಾಗ ಅನ್ನೋರು. ವಯಸ್ಸಾದವರ ಮಾತು ಅಂತ ಬಿಟ್ಟುಬಿಡುತ್ತಿದ್ದೆ.

ಅವರಿಗೆ ಪ್ರಪಂಚ ಅಂದರೆ ತಮ್ಮ. ಅಪ್ಪ ಅಮ್ಮ ಬೇಗ ಹೋದರಂತೆ. ಇವರೇ ಸಾಕಿ, ಓದಿಸಿ, ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ಮದುವೆ ಮಾಡಿಸಿದ್ದು. ವಿಜಯನಗರದಲ್ಲಿ ಅವನ ಮನೆ. ಭಾನುವಾರ ಬಂತು ಅಂದರೆ ಸ್ಕೂಟರ್ ಹತ್ತಿಕೊಂಡು ಬರೋನು. ಅಕ್ಕನ ಕೈಯ ಸಾರು ಉಂಡು, ಹೋಗುವಾಗ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ಏನ್ ಸಾರ್, ಭಾನುವಾರನೂ ದುಡಿಮೇನಾ?" ಅನ್ನೋನು. ತಲೆಗೂದಲು ನರೆತಿದ್ದರೂ ಅಕ್ಕ ಅವನ ಜೇಬಿಗೆ ಕಡಲೆಮಿಠಾಯಿ ಹಾಕಿ ಕಳಿಸೋರು.

ಕೊರೋನಾದ ಎರಡನೇ ಅಲೆಯ ಬೇಸಿಗೆಯಲ್ಲಿ ಅವನಿಗೆ ಉಸಿರಾಟ ಕಷ್ಟವಾಯಿತು. ಇವರು ಇಲ್ಲಿ ಫೋನ್ ಹಿಡಿದು ಕೂತರು. ಬೆಡ್ಡಿಗೆ, ಆಕ್ಸಿಜನ್ನಿಗೆ, ಆಂಬುಲೆನ್ಸಿಗೆ. ಟೀವಿಯಲ್ಲಿ ತೋರಿಸಿದ ನಂಬರಿಗೆಲ್ಲ ಮಾಡಿದರು. ಒಂದು ಕಡೆ ರಿಂಗ್ ಆಗಿ ಆಗಿ ನಿಲ್ಲೋದು, ಇನ್ನೊಂದು ಕಡೆ ಕಾಯಿರಿ ಅನ್ನೋದು, ಮತ್ತೊಂದು ಕಡೆ ಬರೀ ಸಂಗೀತ. ಊರೂರಿಗೆ ಲೈನ್ ಜೋಡಿಸಿಕೊಟ್ಟ ಹೆಂಗಸಿಗೆ ಎರಡು ದಿನ ಒಂದೂ ಲೈನ್ ಸಿಗಲಿಲ್ಲ. ಆ ತಮ್ಮ ಆಟೋದಲ್ಲೇ, ಯಾವುದೋ ಆಸ್ಪತ್ರೆಯ ಗೇಟಿನ ಹೊರಗೆ, ಹೆಂಡತಿಯ ತೊಡೆಯ ಮೇಲೆ ಹೋದ. ಅಕ್ಕನಿಗೆ ಮುಖ ನೋಡೋದಕ್ಕೂ ಬಿಡಲಿಲ್ಲ.

ಕೆಲವು ತಿಂಗಳು ಅವರು ಆಚೆ ಬರಲಿಲ್ಲ. ಆಮೇಲೊಂದು ದಿನ ಟೀವಿಯಲ್ಲಿ ದೊಡ್ಡ ದೊಡ್ಡವರು ಕೂತು, ನಾವು ಎಷ್ಟು ಚೆನ್ನಾಗಿ ನಿಭಾಯಿಸಿದೆವು ಅಂತ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರಂತೆ. ಮಾರನೇ ಬೆಳಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗಲೇ ಅವರು ಬಂದು ನಿಂತಿದ್ದರು. ಕೈಯಲ್ಲಿ ಒಂದು ಹಾಳೆ, ದುಂಡಗಿನ ಅಕ್ಷರ.

"ಇದನ್ನ ಟೈಪ್ ಮಾಡ್ಕೊಡಪ್ಪಾ. ಮೊದಲು ಕೇಳಿಸ್ಕೋ."

"ಇಟ್ಟು ಹೋಗಿ ಅಮ್ಮ, ಮಾಡಿರ್ತೀನಿ."

"ಇಟ್ಟು ಹೋಗಲ್ಲ. ಕೇಳಿಸ್ಕೋ ಅಂದೆ."

ಪೂಜೆ ಮಾಡಬೇಕು, ಊದುಬತ್ತಿ ಕೈಯಲ್ಲಿದೆ. ಹಾಗೇ ನಿಂತು ಕೇಳಿದೆ. ತಮ್ಮನ ಹೆಸರು, ವಯಸ್ಸು, ಅವನಿಗೆ ಯಾವಾಗ ಜ್ವರ ಬಂತು, ಯಾವ ಯಾವ ನಂಬರಿಗೆ ಮಾಡಿದೆ, ಯಾರು ಎತ್ತಲಿಲ್ಲ, ಎಲ್ಲವೂ ಇತ್ತು. ಕೊನೆಗೆ ನಮ್ಮ ಎಂಪಿಯವರಿಗೆ ಒಂದು ಕೋರಿಕೆ. ದೇಶ ನಡೆಸುತ್ತಿರುವವರು ಈ ಸಾವುಗಳಿಗೆ ಹೊಣೆ ಹೊರಲಿಲ್ಲ, ಆದ್ದರಿಂದ ಅವರನ್ನು ಆ ಸ್ಥಾನದಿಂದ ಇಳಿಸಲು ತಾವು ಸದನದಲ್ಲಿ ಗೊತ್ತುವಳಿ ತರಬೇಕು, ಈ ಅರ್ಜಿಯನ್ನು ಅಲ್ಲಿ ಓದಬೇಕು ಅಂತ. ಊದುಬತ್ತಿಯ ಬೂದಿ ನನ್ನ ಕಾಲ ಮೇಲೆ ಬಿತ್ತು.

"ಅಮ್ಮ, ದೇಶ ಆಳೋರನ್ನ ಇಳಿಸಿ ಅಂತ ಬಸವೇಶ್ವರನಗರದಿಂದ ಅರ್ಜಿನಾ?"

"ಮತ್ತೆ ಎಲ್ಲಿಂದ ಕೊಡ್ಲಿ? ನನ್ನ ಮನೆ ಇರೋದು ಇಲ್ಲೇ ತಾನೇ?"

"ಇದೆಲ್ಲ ಪಾರ್ಟಿ ವಿಷಯ ಅಮ್ಮ. ನಾಳೆ ಯಾರಾದ್ರೂ ನೀವು ಆ ಕಡೆಯವರು ಅಂತಾರೆ."

"ಯಾವ ಕಡೆನೂ ಇಲ್ಲ. ನನ್ನ ತಮ್ಮ ಹೋದಾಗ ಕುರ್ಚಿಲಿ ಯಾರಿದ್ರೋ ಅವರು. ಬೇರೆಯವರಿದ್ದಿದ್ರೆ ಬೇರೆಯವರ ಮೇಲೆ ಕೊಡ್ತಿದ್ದೆ." ಆಮೇಲೆ ಸ್ವಲ್ಪ ಮೆತ್ತಗಾಗಿ ಅಂದರು, "ಅವರು ಇಳೀತಾರೆ ಅಂತ ನಾನು ಅಂದ್ಕೊಂಡಿದೀನಾ? ನನಗೇನ್ ತಲೆ ಕೆಟ್ಟಿದೆಯಾ? ಆ ಸದನದಲ್ಲಿ ಒಬ್ಬ, ಒಬ್ಬನೇ ಒಬ್ಬ ಎದ್ದು ನಿಂತು ಇದನ್ನ ಓದ್ಲಿ. ನನ್ನ ತಮ್ಮನ ಹೆಸರು ಅಲ್ಲಿ ಕೇಳಿಸ್ಲಿ. ಫೋನ್ ಎತ್ತದೇ ಇದ್ದವರು ಕೂತು ಕೇಳ್ಲಿ. ನನಗೆ ಅಷ್ಟೇ ಸಾಕು ಕಣಪ್ಪಾ."

ಅವರಿಗೆ ಬೇಕಾಗಿದ್ದು ಅಷ್ಟೇ. ಅದೇನು ದೊಡ್ಡದು ಅಂತ ನನಗೂ ಆಗ ಅನಿಸಿತ್ತು. ಥೂ, ಎಂಥಾ ದಡ್ಡ ನಾನು.

ಎಂಪಿ ಓದಬೇಕಾದರೆ ಕೆಳಗೆ ಜನರ ಸೈನ್ ಇದ್ದರೆ ತೂಕ ಅಂತ ಹೇಳಿದವನು ನಾನೇ. ಮಾರನೇ ದಿನದಿಂದ ಅವರು ಪಾರ್ಕಿನ ಗೇಟಿನ ಪಕ್ಕ ಕಲ್ಲು ಬೆಂಚಿನ ಮೇಲೆ ಕೂರತೊಡಗಿದರು. ಬೇರೆಯವರಾಗಿದ್ದರೆ ವಾಕಿಂಗಿಗೆ ಬಂದವರಿಗೆಲ್ಲ ಪೆನ್ನು ಹಿಡಿಸಿ ಒಂದು ವಾರದಲ್ಲಿ ಹಾಳೆ ತುಂಬಿಸೋರು. ನಮ್ಮ ಕಡೆ ಯಾರು ಓದಿ ಸೈನ್ ಹಾಕ್ತಾರೆ ಹೇಳಿ? ಕಾವೇರಿ ನೀರು, ರಸ್ತೆ ದೀಪ, ಬೀದಿ ನಾಯಿ, ಯಾವುದಕ್ಕಾದರೂ ಪಕ್ಕದ ಮನೆಯವರು ಹಾಕಿದ್ದಾರಾ ಅಂತ ನೋಡಿ ಕೆಳಗೆ ಗೀಚೋದು. ಇವರ ಹತ್ತಿರ ಅದು ನಡೆಯಲಿಲ್ಲ. ಪೆನ್ನಿಗೆ ಕೈ ಚಾಚಿದರೆ ಪೆನ್ನು ಹಿಂದಕ್ಕೆ ಎಳೆದುಕೊಳ್ಳೋರು. "ಮೊದಲು ಕೇಳಿಸ್ಕೊಳ್ಳಿ, ಆಮೇಲೆ ಸೈನ್ ಹಾಕಿ." ಇಡೀ ಅರ್ಜಿಯನ್ನು, ತಮ್ಮನ ಹೆಸರಿನಿಂದ ಹಿಡಿದು ಗೊತ್ತುವಳಿಯವರೆಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಓದಿ ಹೇಳೋರು. ಇಬ್ಬರು ಒಟ್ಟಿಗೆ ಬಂದರೂ ಎರಡು ಸಲ. ಬೆವರು ಒರೆಸಿಕೊಂಡು ಮನೆಗೆ ಹೋಗುವ ಆತುರದಲ್ಲಿರುವವನು ಎಷ್ಟೊತ್ತು ನಿಂತಾನು? "ಆಂಟಿ, ನಾಳೆ ಕೇಳ್ತೀನಿ" ಅಂತ ಅರ್ಧ ಜನ ಹೋಗಿಬಿಡೋರು. ಆ ನಾಳೆ ಬರುತ್ತಲೇ ಇರಲಿಲ್ಲ. ಕೆಲವರಂತೂ ಅವರು ಕೂತಿದ್ದು ಕಂಡು ಆ ಕಡೆಯ ಗೇಟಿನಿಂದ ಹೋಗಲು ಶುರುಮಾಡಿದರು.

ಆದರೆ ಕೇಳಿಸಿಕೊಂಡವರು ಹಾಕದೆ ಹೋಗಲಿಲ್ಲ, ಅದನ್ನು ಹೇಳಬೇಕು. ಆ ಬೇಸಿಗೆ ಯಾರ ಮನೆಯನ್ನು ಬಿಟ್ಟಿತ್ತು? ಮೊದಲನೇ ಸೈನು ಒಬ್ಬ ರಿಟೈರ್ಡ್ ಇಂಜಿನಿಯರದ್ದು. ಪಾರ್ಕಿನಲ್ಲಿ ಯೋಗ ಹೇಳಿಕೊಡುವವರು, ಎಲ್ಲದಕ್ಕೂ ಮುಂದೆ. ಅವರ ತಾಯಿಯೂ ಅದೇ ತಿಂಗಳು ಬೆಡ್ ಸಿಗದೆ ಹೋದವರು. ಕೇಳಿ ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹೆಸರಿನ ಮುಂದೆ ಡಿಗ್ರಿ ಸಮೇತ ದಪ್ಪಗೆ ಬರೆದು, "ಎಲ್ಲಿಗೆ ಬೇಕಾದ್ರೂ ಬರ್ತೀನಮ್ಮ, ಡೆಲ್ಲಿಗೇ ಬರ್ತೀನಿ" ಅಂದರು. ಹೀಗೇ ಒಂದೂವರೆ ಹಾಳೆ ತುಂಬಿತು. ನಾನೂ ಹಾಕಿದೆ. ಎಕ್ಸ್‌ಚೇಂಜ್ ಅಮ್ಮನ ಮುಖದಲ್ಲಿ ಆಗ ಒಂದು ಕಳೆ ಬಂದಿತ್ತು. ನನಗೂ, ಸುಳ್ಳು ಯಾಕೆ ಹೇಳಲಿ, ಏನೋ ಆಗಬಹುದು ಅನಿಸಿತ್ತು.

ಆಮೇಲೆ ಪಾರ್ಕಿನಲ್ಲಿ ಮಾತು ಹಬ್ಬಿತು. ಸೈನ್ ಹಾಕಿದವರ ಹೆಸರು ಮೇಲೆ ಹೋಗತ್ತಂತೆ, ಪಾಸ್‌ಪೋರ್ಟ್ ರಿನೀವಲ್ ನಿಲ್ಲಿಸ್ತಾರಂತೆ, ಪೆನ್ಷನ್ ಹಿಡೀತಾರಂತೆ. ಯಾರು ಹೇಳಿದರೋ ದೇವರಿಗೇ ಗೊತ್ತು. ಹೆಸರು ತೆಗೆಸಿಕೊಳ್ಳಲು ಮೊದಲು ಬಂದವರು ಅದೇ ಇಂಜಿನಿಯರು. ಅರ್ಜಿ ಆಗ ನನ್ನ ಅಂಗಡಿಯಲ್ಲಿತ್ತು, ಅಮ್ಮನೂ ಅಲ್ಲೇ ಕೂತಿದ್ದರು.

"ತಪ್ಪು ತಿಳ್ಕೋಬೇಡಿ ಅಮ್ಮ. ಮಗಳಿಗೆ ಸಂಬಂಧ ನೋಡ್ತಾ ಇದೀವಿ. ಗಂಡಿನ ಕಡೆಯವರು ಸ್ವಲ್ಪ ಆ ಪಾರ್ಟಿಲಿ ಓಡಾಡೋರು. ಮಾತುಕತೆ ಮುಗಿಯೋವರೆಗೆ..."

ಇನ್ನೊಬ್ಬರಾಗಿದ್ದರೆ ಉಗಿಯೋರು. ಇವರು ಉಗಿಯಲಿಲ್ಲ. "ಹೊಡೆದು ಹಾಕಿ, ಪರವಾಗಿಲ್ಲ. ನಿಮ್ಮ ಕೈಯಲ್ಲೇ ಹೊಡೀಬೇಕು. ಏನನ್ನ ಹೊಡೀತಾ ಇದೀರಿ ಅಂತ ಗೊತ್ತಿರ್ಲಿ, ಇನ್ನೊಂದ್ಸಲ ಕೇಳಿಸ್ಕೊಳ್ಳಿ" ಅಂದು ಹಾಳೆ ಎತ್ತಿಕೊಂಡು ಮೊದಲಿನಿಂದ ಓದಿದರು. ಆಟೋ, ಗೇಟು, ಹೆಂಡತಿಯ ತೊಡೆ. ಇಂಜಿನಿಯರು ಚಪ್ಪಲಿ ನೋಡುತ್ತಾ ನಿಂತಿದ್ದರು. ಮುಗಿದ ಮೇಲೆ ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಡಿಗ್ರಿಯ ಮೇಲೂ ಎಳೆದರು. ನಾನು ಆಚೆ ಹೋಗಿ ನಿಂತೆ, ನನಗೆ ನೋಡೋಕಾಗಲಿಲ್ಲ.

ಒಬ್ಬರು ಬಂದ ಮೇಲೆ ಉಳಿದವರಿಗೆ ದಾರಿ ಆಯಿತು. ದಿನಕ್ಕೊಬ್ಬರು, ಇಬ್ಬರು. ಸೊಸೆಗೆ ಸೆಂಟ್ರಲ್ ಗವರ್ನಮೆಂಟ್ ಕೆಲಸ, ಮೊಮ್ಮಗನಿಗೆ ವೀಸಾ, ಯಜಮಾನರಿಗೆ ಬೀಪಿ. ಪ್ರತಿಯೊಬ್ಬರಿಗೂ ಅವರು ಎರಡನೇ ಸಲ ಓದಿ ಹೇಳಿದರು. ಒಬ್ಬರನ್ನೂ ಬಯ್ಯಲಿಲ್ಲ, ಒಬ್ಬರನ್ನೂ ಬಿಡಲೂ ಇಲ್ಲ. ಕೇಳಿದ ಮೇಲಾದರೂ ಒಬ್ಬರು ಪೆನ್ನು ಕೆಳಗಿಡುತ್ತಾರೆ ಅಂತ ಅವರಿಗೆ ಆಸೆ ಇತ್ತು ಅಂತ ಕಾಣುತ್ತೆ. ಅವರು ಓದುವಾಗ ಕಾಗದ ನೋಡುತ್ತಿರಲಿಲ್ಲ, ಎದುರಿನವರ ಮುಖ ನೋಡುತ್ತಿದ್ದರು. ಯಾರೂ ಇಡಲಿಲ್ಲ.

ನನ್ನ ಹೆಂಡತಿ ಮನೆಯಲ್ಲಿ ಶುರುಮಾಡಿದಳು. "ರೀ, ಎಲೆಕ್ಷನ್ ಬಂದ್ರೆ ಪಾರ್ಟಿಯವರ ಕರಪತ್ರ ಎಲ್ಲ ನಮ್ಮಲ್ಲೇ ತಾನೇ ಆಗೋದು? ನಿಮಗ್ಯಾಕ್ರೀ ಬೇಕಿತ್ತು ಇದು? ಹೋಗಿ ತೆಗ್ಸಿ." ನಾನು ತೆಗೆಸಲಿಲ್ಲ. ಧೈರ್ಯ ಅಂತ ಯಾರೂ ತಿಳಿಯಬೇಡಿ. ಆ ಅರ್ಜಿಯನ್ನು ಅವರ ಬಾಯಲ್ಲಿ ಎರಡನೇ ಸಲ ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಕೊನೆಗೆ ಗೆರೆ ಬೀಳದೆ ಉಳಿದವು ಕೆಲವೇ ಹೆಸರು. ಅದನ್ನೇ ಹಿಡಿದು ಎಂಪಿಯನ್ನು ನೋಡಲು ಹೊರಟರು. ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಜನಸಂಪರ್ಕ ಸಭೆ ಇತ್ತು. ಅಂಗಡಿ ಮುಚ್ಚಿ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಫ್ಯಾನುಗಳ ಸದ್ದು, ಮೈಕಿನ ಕಿರ್ರೋ ಅನ್ನೋ ಶಬ್ದ, ಉಪ್ಪಿಟ್ಟಿನ ವಾಸನೆ. ಖಾತೆಯವರು, ಚರಂಡಿಯವರು, ವೃದ್ಧಾಪ್ಯ ವೇತನದವರು ಸಾಲಾಗಿ ನಿಂತು ಕಾಗದ ಕೊಟ್ಟು ಕೈಮುಗಿದು ಮುಂದೆ ಹೋಗುತ್ತಿದ್ದರು. ನಮ್ಮ ಸರದಿ ಬಂತು.

"ಕೊಡಿ ಅಮ್ಮ, ಓದ್ಕೋತೀವಿ" ಅಂದರು ಪಕ್ಕದಲ್ಲಿದ್ದ ಪಿಎ.

"ನೀವು ಓದ್ಕೊಳ್ಳೋದು ಬೇಡ. ಅವರು ಕೇಳಿಸ್ಕೊಳ್ಳಲಿ" ಅಂದು ಶುರುಮಾಡಿಯೇ ಬಿಟ್ಟರು.

ಎಂಪಿಯವರು ಕೆಟ್ಟ ಮನುಷ್ಯರೇನಲ್ಲ. ವಯಸ್ಸಾದವರನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದರು. ಎರಡು ಸಾಲು ತಲೆದೂಗುತ್ತಾ ಕೇಳಿದರು ಕೂಡ. ಅಷ್ಟರಲ್ಲಿ ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಹಿಂದೆ ತಿರುಗಿ ಬೆರಳು ಆಡಿಸಿದರು. ಒಬ್ಬ ಶಾಲು ತಂದ, ಇನ್ನೊಬ್ಬ ಹಾರ ತಂದ, ಮತ್ತೊಬ್ಬ ಹಣ್ಣಿನ ಬುಟ್ಟಿ. ನಮ್ಮ ಜನಕ್ಕೆ ಸಭೆಯಲ್ಲಿ ಮುದುಕರು ಗಟ್ಟಿಯಾಗಿ ಮಾತಾಡಲು ಶುರುಮಾಡಿದರೆ ಏನು ಮಾಡಬೇಕು ಅಂತ ಗೊತ್ತಿರೋದು ಇದೊಂದೇ. ಶಾಲು ಹೊದಿಸಿದರು. ಹಾರ ಹಾಕಿದರು. "ಇಲ್ಲಿ ನೋಡಿ ಅಮ್ಮ" ಅಂತ ಫೋಟೋದವನು ಕೂಗಿದ. ಅವರು ನೋಡಲಿಲ್ಲ. ಹಾರದ ಮೇಲಿಂದ ಹಾಳೆ ಎತ್ತಿ ಹಿಡಿದು ಓದುತ್ತಲೇ ಇದ್ದರು. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮನ ಹೆಸರು ಬಂದದ್ದು ಸರಿಯಾಗಿ ಆ ಚಪ್ಪಾಳೆಯ ನಡುವೆ. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

ಮಾರನೇ ದಿನ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. "ಸಂಸದರನ್ನು ಹರಸಿದ ಹಿರಿಯ ಜೀವ" ಅಂತ ಕೆಳಗೆ ಬರೆದಿದ್ದರು. ಹೆಸರು ಹೊಡೆದು ಹಾಕಿದವರೆಲ್ಲ ಕೈಮುಗಿದ ಚಿತ್ರ ಕಳಿಸಿದರು. ಇಂಜಿನಿಯರು ಅಂಗಡಿಗೇ ಬಂದು, "ನೋಡಿದ್ರಾ, ಕೊನೆಗೂ ಅಮ್ಮ ರಾಜಿಯಾದ್ರಲ್ಲ, ಒಳ್ಳೇದಾಯ್ತು" ಅಂದರು. ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಮ್ಮ ಶಾಲನ್ನು ಹೂ ಮಾರುವವಳಿಗೆ ಕೊಟ್ಟುಬಿಟ್ಟರು. ಅವರು ಹಿಡಿದುಕೊಂಡಿದ್ದು ಒಂದೇ ಸಮಾಧಾನ. ಅರ್ಜಿಯನ್ನು ಪಿಎ ಇಸಿದುಕೊಂಡು, ಸೂಕ್ತ ಕ್ರಮಕ್ಕಾಗಿ ಅಂತ ಸೀಲು ಹೊಡೆದಿದ್ದರು.

"ಸೀಲ್ ಬಿದ್ದಿದೆ ಅಂದ್ಮೇಲೆ ಎಲ್ಲಾದ್ರೂ ಹೋಗ್ಲೇಬೇಕಲ್ವೇನಪ್ಪಾ?"

"ಹೋಗತ್ತೆ ಅಮ್ಮ" ಅಂದೆ. ಇನ್ನೇನು ಹೇಳಲಿ?

ಅಲ್ಲಿಂದ ಅವರು ಟೀವಿ ಮುಂದೆ ಕೂತರು. ಅಧಿವೇಶನ ಶುರುವಾಯಿತು ಅಂದರೆ ಬೆಳಗ್ಗೆಯೇ ಅಡಿಗೆ ಮುಗಿಸಿ, ಸದನದ ಕಲಾಪ ತೋರಿಸುವ ಚಾನೆಲ್ ಹಾಕಿಕೊಂಡು ಕೂರೋರು. ಬಾಗಿಲು ತೆರೆದೇ ಇರೋದು, ಇಡೀ ರಸ್ತೆಗೆ ಗಲಾಟೆ ಕೇಳಿಸೋದು. ಅವರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ತಮ್ಮನ ಹೆಸರು ಯಾವ ಭಾಷೆಯಲ್ಲಿ ಬಂದರೂ ಗೊತ್ತಾಗತ್ತಲ್ಲ. ನಮ್ಮ ಎಂಪಿ ತೆರೆಯ ಮೇಲೆ ಕಂಡರೆ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗೋರು. ಎಂಪಿಯವರು ಎದ್ದು ಯಾವುದೋ ಹೊಸ ರೈಲು ಕೇಳಿ ಕೂತುಬಿಡೋರು. ಸಂಜೆ ಹಾಲಿಗೆ ಹೋಗುವಾಗ ಅಮ್ಮ ನನ್ನ ಅಂಗಡಿ ಮುಂದೆ ಒಂದು ಗಳಿಗೆ ನಿಂತು, "ಇವತ್ತೂ ಇಲ್ಲ ಕಣಪ್ಪಾ" ಅಂದು ಹೋಗೋರು. ಅಧಿವೇಶನದ ಮೇಲೆ ಅಧಿವೇಶನ ಹೋಯಿತು. ಒಂದೊಂದು ಸಲ ಅವರು ಬರೋದು ಕಂಡರೆ ನಾನೇ ಒಳಗೆ ಹೋಗಿ ಮೆಷಿನ್ ಹಿಂದೆ ಏನೋ ಹುಡುಕುತ್ತಾ ನಿಂತುಬಿಡುತ್ತಿದ್ದೆ.

ಚುನಾವಣೆ ಬಂತು, ಸದನ ವಿಸರ್ಜನೆಯಾಯಿತು. ಬಾಕಿ ಉಳಿದ ಅರ್ಜಿಗಳೆಲ್ಲ ಅಲ್ಲಿಗೆ ಮುಗಿದ ಹಾಗೇ ಅಂತ ಯಾರೋ ವಕೀಲರು ಅವರಿಗೆ ಹೇಳಿದರಂತೆ. ಪಿಎಗೆ ಫೋನ್ ಮಾಡಿದರೆ, "ಯಾವ ಅರ್ಜಿ ಅಮ್ಮ?" ಅಂದರಂತೆ. ಅವತ್ತು ಹಾಲಿಗೂ ಬರಲಿಲ್ಲ. ಅಲ್ಲಿಂದಾಚೆ ಅವರು ಇಳಿದುಹೋದರು. ತರಕಾರಿಯವನು ಕೊಟ್ಟದ್ದನ್ನು ಸುಮ್ಮನೆ ಇಸಿದುಕೊಂಡು ಒಳಗೆ ಹೋಗೋರು. "ಅಮ್ಮ ನನ್ನನ್ನ ಏನೂ ಕೇಳ್ಲೇ ಇಲ್ಲ ಸಾರ್" ಅಂತ ಅವನು ಗಾಬರಿಯಾಗಿ ಬಂದು ಹೇಳಿದ.

ಅರ್ಜಿ ಮುಗಿದಿರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ, ಐವತ್ತು ದಾಟಿದ ಒಬ್ಬ ಮನುಷ್ಯ ಖಾಕಿ ಅಂಗಿ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ವಾರ್ಡಿನಲ್ಲಿ ಸೊಳ್ಳೆ ಹೊಗೆ ಹೊಡೆಯುವವನು. ಕೈಯಲ್ಲಿ ಒಂದು ಫೈಲು. "ಸಾರ್, ಈ ಅಡ್ರೆಸ್ ಎಲ್ಲಿ ಬರತ್ತೆ?" ಮೇಲಿನ ಹಾಳೆ ನಾನೇ ಟೈಪ್ ಮಾಡಿದ್ದು. ಅದರ ಅಂಚಿನಲ್ಲಿ ಜಾಗವಿಲ್ಲದ ಹಾಗೆ ಸೀಲುಗಳು. ಎಂಪಿ ಆಫೀಸಿನಿಂದ ಒಂದು ಇಲಾಖೆಗೆ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಕೆಳಗಿನದಕ್ಕೆ, ಅದರ ಕೆಳಗಿನದಕ್ಕೆ, ಪ್ರತಿಯೊಬ್ಬರೂ ಸೂಕ್ತ ಕ್ರಮಕ್ಕಾಗಿ ಅಂತ ಬರೆದು ಕೈತೊಳೆದುಕೊಂಡು, ಆರೋಗ್ಯದ ದೂರು ಅನ್ನೋ ಲೆಕ್ಕದಲ್ಲಿ ಅದು ಈ ಮನುಷ್ಯನ ಕೈಗೆ ಬಂದು ಬಿದ್ದಿತ್ತು. ಅವನ ಕೆಳಗೆ ಕಳಿಸೋಕೆ ಇನ್ಯಾರೂ ಇರಲಿಲ್ಲ. ದೇಶ ಆಳುವವರನ್ನು ಇಳಿಸಿ ಅನ್ನೋ ಅರ್ಜಿಗೆ ಅವನು ಕ್ರಮ ತೆಗೆದುಕೊಳ್ಳಬೇಕಿತ್ತು!

ನಾನೇ ಜೊತೆಗೆ ಹೋದೆ. ಅವನು ಗೇಟಿನ ಹತ್ತಿರ ಮೆಷಿನ್ ಸ್ಟಾರ್ಟ್ ಮಾಡಿ, ಚರಂಡಿಗೂ ಹೂಕುಂಡಗಳಿಗೂ ಹೊಗೆ ಹೊಡೆದ. ಅಮ್ಮ ಕೆಮ್ಮುತ್ತಾ ಆಚೆ ಬಂದರು.

"ಏನಪ್ಪಾ ಇದು?"

"ನಿಮ್ಮ ಕಂಪ್ಲೇಂಟಿಗೆ ಅಮ್ಮ. ಕ್ರಮ ತಗೊಂಡಿದೀವಿ ಅಂತ ಫೋಟೋ ಹಾಕ್ಬೇಕು. ಇಲ್ಲೊಂದು ಸೈನ್ ಹಾಕ್ಬಿಡಿ, ಕ್ಲೋಸ್ ಮಾಡ್ಕೋತೀನಿ."

ಅವರು ಫೈಲು ಇಸಿದುಕೊಂಡು ನೋಡಿದರು. ಒಂದೊಂದು ಸೀಲನ್ನೂ ನೋಡಿದರು. "ಇದನ್ನ ಓದಿದ್ದೀಯಾ?"

"ಇಲ್ಲಮ್ಮ. ಹೊಗೆ ಹೊಡ್ದು ಬಾ ಅಂದ್ರು, ಬಂದೆ."

ಅವರು ಗೇಟಿಗೆ ಒರಗಿಕೊಂಡು ಓದಿದರು. ದನಿ ಮೊದಲಿನಂತೆ ಇರಲಿಲ್ಲ, ನಡುನಡುವೆ ಕೆಮ್ಮು. ಅವನು ಮೆಷಿನ್ ಆಫ್ ಮಾಡಿ ಕೆಳಗಿಟ್ಟ. ಮುಖದ ಬಟ್ಟೆ ಬಿಚ್ಚಿದ. ಕೊನೆಯವರೆಗೂ ಅಲುಗದೆ ನಿಂತು ಕೇಳಿದ.

ಮುಗಿದ ಮೇಲೆ, "ಆ ತಿಂಗಳು ನಮ್ಮನ್ನೆಲ್ಲ ಚಿತಾಗಾರದ ಡ್ಯೂಟಿಗೆ ಹಾಕಿದ್ರು ಅಮ್ಮ" ಅಂದ. "ಸಾಲಲ್ಲಿ ಆಂಬುಲೆನ್ಸ್ ನಿಂತಿರೋದು. ಇಳಿಸೋದೇ ಕೆಲಸ. ನಿಮ್ಮ ತಮ್ಮನೂ ನನ್ನ ಕೈಲೇ ಬಂದಿದ್ರೋ ಏನೋ. ಹೆಸರು ಕೇಳೋಕೆ ನಮಗೆ ಟೈಮ್ ಎಲ್ಲಿತ್ತು?" ಆಮೇಲೆ ಕಣ್ಣೊರೆಸಿಕೊಂಡು, ನಾಚಿಕೆಯಿಂದ ಅಂದ, "ಸೈನ್ ಮಾತ್ರ ಹಾಕ್ಬಿಡಿ ಅಮ್ಮ. ಕ್ಲೋಸ್ ಆಗ್ಲಿಲ್ಲ ಅಂದ್ರೆ ನನ್ನ ಹೆಸರಿಗೆ ಪೆಂಡಿಂಗ್ ತೋರ್ಸತ್ತೆ. ಮೆಮೋ ಕೊಡ್ತಾರೆ."

ನನಗೆ ಉರಿದು ಹೋಯಿತು. "ಹಾಕ್ಬೇಡಿ ಅಮ್ಮ" ಅಂದೆ. ಸೈನ್ ಹಾಕಬೇಕಿದ್ದ ಕಾಗದದ ಕೊನೆಯಲ್ಲಿ, ದೂರು ತೃಪ್ತಿಕರವಾಗಿ ಪರಿಹಾರವಾಗಿದೆ ಅಂತ ಅಚ್ಚು ಹಾಕಿತ್ತು. ಅವರು ಒಳಗೆ ಹೋಗಿ ಪೆನ್ನು ತಂದರು. ಗೇಟಿನ ಕಂಬದ ಮೇಲೆ ಫೈಲು ಇಟ್ಟು, ಅದರ ಕೆಳಗೆ ದುಂಡಗೆ ಸೈನ್ ಹಾಕಿ ಅವನ ಕೈಗೆ ಕೊಟ್ಟರು. ಅವನು ಕೈಮುಗಿದು, ಮೆಷಿನ್ ಹೆಗಲಿಗೆ ಹಾಕಿಕೊಂಡು ಹೋದ.

"ಯಾಕಮ್ಮ ಹಾಕಿದ್ರಿ?" ಅಂತ ನಾನು ಜಗಳಕ್ಕೆ ನಿಂತವನ ಹಾಗೆ ಕೇಳಿದೆ.

"ಇನ್ನೇನ್ ಮಾಡ್ಲಪ್ಪಾ? ಕೇಳ್ಬೇಕಾಗಿದ್ದವರು ಒಬ್ಬರೂ ಕೇಳ್ಲಿಲ್ಲ. ಕೊನೆಗೆ ನಿಂತು ಕೇಳಿದೋನು ಇವನೊಬ್ಬ. ಅವನಿಗೂ ಶಿಕ್ಷೆ ಕೊಡಿಸ್ಲಾ?"